ಮ್ಯಾನೇಜರಿಗೊಂದು ಮೂಲೆ

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಮೂವತ್ತೊಂದು ವರ್ಷ ಕತ್ತಲಲ್ಲಿ ಜನರಿಗೆ ಸೀಟು ತೋರಿಸಿದವಳು. ಸಿನಿಮಾ ಥಿಯೇಟರಿನ ಬಾಲ್ಕನಿ ಬಾಗಿಲಲ್ಲಿ ನಿಂತು ಟಿಕೆಟ್ ಹರಿದು, ಅರ್ಧ ಚೂರು ವಾಪಸ್ ಕೈಗಿಟ್ಟು, ಟಾರ್ಚು ಹಾಕಿಕೊಂಡು ಮುಂದೆ ಮುಂದೆ ನಡೆಯುವುದು ಅವಳ ಕೆಲಸ. ನೆಂಟರೆಲ್ಲ ಅವಳನ್ನು ಕರೆಯುವುದೇ ಟಾರ್ಚ್ ಅಕ್ಕ ಅಂತ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ಮ್ಯಾಟಿನಿಗೂ ಫಸ್ಟ್ ಶೋಗೂ ನಡುವೆ ಟೈಮೇ ಸಿಗಲಿಲ್ಲ ಕಣ್ರೀ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅವಳ ಥಿಯೇಟರಿನ ಕತೆಗಳನ್ನೇ ಬರೆಯುತ್ತ ಕೂತರೆ ಒಂದು ಪುಸ್ತಕ ಆದೀತು. ಆದರೆ ನಾನು ಹೇಳಹೊರಟಿರುವುದು ಬೆಕ್ಕಿನ ಕಕ್ಕಸಿನ ಕತೆ. ಮೂಗು ಮುರಿಯುವವರು ಈಗಲೇ ಎದ್ದು ಹೋಗಬಹುದು, ನನಗೇನೂ ಬೇಸರವಿಲ್ಲ.

ಥಿಯೇಟರು ಮುಚ್ಚಿದ ದಿನ ಮಾಲೀಕರು ಕೆಲಸದವರಿಗೆಲ್ಲ, ನಿಮಗೇನು ಬೇಕೋ ತಗೊಂಡು ಹೋಗಿ ಅಂದರಂತೆ. ಪ್ರೊಜೆಕ್ಟರ್ ನಡೆಸುವವನು ಎರಡು ಸ್ಪೀಕರ್ ಹೊತ್ತುಕೊಂಡು ಹೋದ. ಕಸ ಗುಡಿಸುವವಳು ಬಾಗಿಲಿನ ಮಖಮಲ್ಲು ಪರದೆ ಕಿತ್ತುಕೊಂಡಳು. ನಮ್ಮ ಅತ್ತೆ ತಂದದ್ದು ಎರಡೇ: ಇಂಟರ್‌ವಲ್‌ನಲ್ಲಿ ಸೋಡಾ ಬಾಟಲಿ ಜೋಡಿಸಿಕೊಂಡು ಮಾರುತ್ತಿದ್ದ ತಗಡಿನ ಟ್ರೇ, ಮತ್ತು ಒಂದು ಬೆಕ್ಕು. ದಪ್ಪನೆಯ ಬೂದು ಗಂಡುಬೆಕ್ಕು, ಒಂದು ಕಿವಿ ಹರಿದಿತ್ತು. ಎಂಟು ವರ್ಷ ಮ್ಯಾನೇಜರ ಕುರ್ಚಿಯಲ್ಲೇ ಮಲಗಿ ಎದ್ದು ಅದಕ್ಕೆ ಮ್ಯಾನೇಜರ್ ಅಂತಲೇ ಹೆಸರು ಬಿದ್ದಿತ್ತು. ಅಸಲಿ ಮ್ಯಾನೇಜರು ಪಾಪ ಸ್ಟೂಲಿನ ಮೇಲೆ ಕೂರುತ್ತಿದ್ದರಂತೆ.

ನಮ್ಮ ಮನೆ ಮೂರನೇ ಮಹಡಿಯಲ್ಲಿ. ಬೆಕ್ಕು ಹೊತ್ತುಹೊತ್ತಿಗೆ ಮೆಟ್ಟಿಲಿಳಿದು ಹೋಗಿ ಬರುವ ಮಾತೇ ಇಲ್ಲ. ಹಾಗಾಗಿ ಅತ್ತೆ ಸೋಡಾ ಟ್ರೇಗೆ ಮರಳು ತುಂಬಿ, ಹಾಲಿನ ನಟ್ಟನಡುವೆ ಇಟ್ಟು, ಎಲ್ಲರ ಮುಖ ನೋಡಿದಳು. ಅಮ್ಮನ ಮುಖ ಆಗಲೇ ಗಂಟಿಕ್ಕಿತ್ತು. ಅಮ್ಮ ಒಂದು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ. ದಿನಕ್ಕೆ ನಾನೂರು ಬೆಡ್‌ಶೀಟು ಕುದಿಸಿ ಬಿಳಿ ಮಾಡಿಸುವವಳು. ಮನೆಗೆ ಬಂದರೂ ಅವಳ ಮೂಗು ಡ್ಯೂಟಿ ಮೇಲೇ ಇರುತ್ತದೆ.

"ನೋಡಿ ಅತ್ತಿಗೆ, ಬೆಕ್ಕು ಇರಲಿ, ಬೇಡ ಅನ್ನಲ್ಲ. ಆದ್ರೆ ಈ ಟ್ರೇ ನನ್ನ ಕಣ್ಣಿಗೆ ಕಾಣಬಾರ್ದು, ಮೂಗಿಗೆ ಬಡೀಬಾರ್ದು, ಕಾಲಿಗೆ ಸಿಗಬಾರ್ದು. ಭಾನುವಾರದೊಳಗೆ ಅಂಥಾ ಜಾಗ ಹುಡುಕಿದ್ರೆ ಸರಿ. ಇಲ್ದಿದ್ರೆ ನಮ್ಮ ಆಸ್ಪತ್ರೆ ಗೋಡೌನ್‌ನಲ್ಲಿ ಇಲಿ ಕಾಟ ಅಂತ ಬೆಕ್ಕು ಕೇಳ್ತಾನೇ ಇದಾರೆ, ಕೊಟ್ಬಿಡೋಣ."

"ಗೋಡೌನಿಗೆ ಮ್ಯಾನೇಜರ್ ಒಬ್ನೇ ಹೋಗಲ್ಲ ಕಣಮ್ಮಾ, ನಾನೂ ಹೋಗ್ತೀನಿ" ಅಂದಳು ಅತ್ತೆ, ನಗುನಗುತ್ತಲೇ.

ಅವಳು ನಕ್ಕಳಲ್ಲ ಅಂತ ಅಪ್ಪ ಅಮ್ಮನೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಅತ್ತೆ ತಮಾಷೆಗೆ ಹೇಳಿದ್ದನ್ನೂ ಮಾಡಿ ತೋರಿಸುವ ಪೈಕಿ. ಹಿಂದೆ ಅವಳ ಬಾಡಿಗೆ ಕೋಣೆಯ ಯಜಮಾನ ಏನೋ ಕೊಂಕು ಮಾತಾಡಿದ ಅಂತ ಹತ್ತೇ ನಿಮಿಷದಲ್ಲಿ ಗಂಟುಮೂಟೆ ಕಟ್ಟಿಕೊಂಡು, ಅವನ ಕೈಗೆ ಬೀಗದ ಕೈ ಕೊಟ್ಟು ಹೊರಟುಬಂದವಳು. ಹಾಗೆ ಬಂದವಳೇ ಆರು ವರ್ಷದಿಂದ ನಮ್ಮ ಮನೆಯಲ್ಲಿದ್ದಳು. ಭಾನುವಾರ ಬೆಕ್ಕು ಹೋದರೆ ಸೋಮವಾರ ಅತ್ತೆಯೂ ಇರುವುದಿಲ್ಲ ಎಂದು ನನಗೆ ಖಾತ್ರಿಯಾಗಿಬಿಟ್ಟಿತು.

ಮನೆ ಅಂದರೆ ಎಷ್ಟು ಮಹಾ? ಒಂದು ಹಾಲು, ಅಪ್ಪ ಅಮ್ಮನಿಗೊಂದು ರೂಮು, ನನಗೊಂದು ರೂಮು, ಅಡುಗೆಮನೆ, ಬಚ್ಚಲು, ಬಾಲ್ಕನಿ. ಇವಲ್ಲದೆ ಒಂದು ಸಾಮಾನಿನ ಕೋಣೆ, ಅದರ ಬಾಗಿಲು ಪೂರ್ತಿ ತೆರೆದದ್ದನ್ನು ನಾನು ಕಂಡಿಲ್ಲ. ಅತ್ತೆ ಬಂದ ಹೊಸತರಲ್ಲಿ ನನ್ನ ರೂಮಿನಲ್ಲೇ ಮಲಗಿದಳು. ಒಂದು ವಾರಕ್ಕೆ ನಾನು ಕೈಮುಗಿದೆ. ಅತ್ತೆಯ ಗೊರಕೆ ಅಂಥಿಂಥದ್ದಲ್ಲ. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಬೆಳಗ್ಗೆ ನಿದ್ದೆಗಣ್ಣಲ್ಲಿ ಗಿರಾಕಿಯ ಕಣ್ಣು ಪರೀಕ್ಷೆ ಮಾಡಿದರೆ ನಡೆಯುತ್ತದೆಯೇ ಎಂದು ದೊಡ್ಡದಾಗಿ ವಾದ ಹೂಡಿದೆ. ಅತ್ತೆ ಎರಡನೇ ಮಾತಾಡದೆ ಒಂದು ಮಡಚುವ ಮಂಚ ತಂದು ಹಾಲಿಗೆ ಹೋದಳು. ಒಪ್ಪಿಕೊಳ್ಳುತ್ತೇನೆ, ಅವಳನ್ನು ಹೊರಗೆ ಹಾಕಿದವಳು ನಾನೇ.

ಒಂದೇ ಒಂದು ಸಲ, ನಾಲ್ಕು ವರ್ಷದ ಕೆಳಗೆ, ಅವಳು ಬಾಯಿಬಿಟ್ಟು ಕೇಳಿದ್ದಳು. "ಆ ಸಾಮಾನಿನ ಕೋಣೇಲಿ ನಾನು ಮಲಗಿದ್ರೆ ಹೇಗೋ? ಒಂದು ಬಾಗಿಲು ಅಂತ ಇರುತ್ತೆ." ಅಪ್ಪ, "ಅದರಲ್ಲಿ ಕೂಲರ್ ಇದೆ, ನನ್ನ ಹಳೇ ನಕ್ಷೆಗಳಿವೆ, ಎಲ್ಲಾ ಖಾಲಿ ಮಾಡ್ಬೇಕಾಗುತ್ತೆ, ನೋಡೋಣ ತಾಳಕ್ಕಾ" ಅಂದ. ಆ ನೋಡೋಣ ಅಲ್ಲೇ ಉಳಿಯಿತು. ಅತ್ತೆಯೂ ಮತ್ತೆ ಆ ಸುದ್ದಿ ಎತ್ತಲಿಲ್ಲ. ಅವಳು ಬರುವುದೇ ಕೊನೆಯ ಆಟ ಮುಗಿದ ಮೇಲೆ, ನಾವೆಲ್ಲ ಮಲಗಿರುತ್ತಿದ್ದೆವು. ನಾವು ಏಳುವ ಹೊತ್ತಿಗೆ ಅವಳು ಮಂಚ ಮಡಚಿ ಬಾಲ್ಕನಿ ಬಾಗಿಲ ಹಿಂದೆ ಒರಗಿಸಿ, ಹಾಸಿಗೆ ಸುತ್ತಿ ಬೀರುವಿನ ಮೇಲೆ ತಳ್ಳಿ, ಕಾಫಿಗೆ ನೀರಿಟ್ಟಿರುತ್ತಿದ್ದಳು.

ಸರಿ, ಟ್ರೇಗೆ ಜಾಗ ಹುಡುಕುವ ಕಾರ್ಯಾಚರಣೆ ಸೋಮವಾರವೇ ಶುರುವಾಯಿತು. ಮೊದಲು ಬಚ್ಚಲುಮನೆ. ಎಲ್ಲರಿಗೂ ಸರಿ ಅನ್ನಿಸಿತು, ಮ್ಯಾನೇಜರಿಗೂ ಒಪ್ಪಿಗೆಯಾಯಿತು. ಆದರೆ ಬೆಳಗ್ಗೆ ಪೇಪರ್ ಹಿಡಿದು ಒಳಗೆ ಹೋದರೆ ಮುಕ್ಕಾಲು ಗಂಟೆ ಹೊರಬರದ ಪ್ರಾಣಿ ಇನ್ನೊಂದು ನಮ್ಮ ಮನೆಯಲ್ಲಿದೆ, ಅದು ನಮ್ಮಪ್ಪ. ಮಂಗಳವಾರ ಮ್ಯಾನೇಜರ್ ಬಾಗಿಲ ಹೊರಗೆ ಕೂತು ಕೂಗಿತು, ಕೆರೆಯಿತು, ಬೇಡಿಕೊಂಡಿತು.

"ರೀ, ಬೇಗ ಬನ್ರೀ, ಅದಕ್ಕೆ ಅರ್ಜೆಂಟು!" ಅಮ್ಮ ಬಾಗಿಲು ಬಡಿದಳು.

"ಸರದಿ ಅಂತ ಒಂದಿರುತ್ತೆ!" ಒಳಗಿಂದ ಉತ್ತರ ಬಂತು.

ಮ್ಯಾನೇಜರ್ ಸರದಿ ಕಾಯಲಿಲ್ಲ. ಅಪ್ಪನ ಆಫೀಸಿನ ಚಪ್ಪಲಿ ಅಲ್ಲೇ ಇತ್ತು. ಅದನ್ನು ಮೂರು ಸಲ ತೊಳೆದರೂ ಅಪ್ಪನ ಪಕ್ಕ ಕೂರುವ ಗುಮಾಸ್ತರು ಎರಡು ದಿನ ರಜೆ ಹಾಕಿದರಂತೆ. ಇದು ಅಪ್ಪನೇ ಹೇಳಿದ್ದು, ಆದ್ದರಿಂದ ಅರ್ಧ ಮಾತ್ರ ನಂಬಿ.

ಬುಧವಾರ ಬಾಲ್ಕನಿ. ಗಾಳಿ, ಬೆಳಕು, ವಾಸನೆ ಹೋಗುವುದಕ್ಕೆ ಆಕಾಶ, ಇನ್ನೇನು ಬೇಕು? ಮ್ಯಾನೇಜರ್ ಗಂಭೀರವಾಗಿ ಟ್ರೇ ಹತ್ತಿ ನಿಂತು, ಹಿಂಗಾಲಿನಲ್ಲಿ ಭರ್ರನೆ ಮರಳು ಎರಚಿತು. ಎರಡನೇ ಮಹಡಿಯ ಟೀಚರಮ್ಮ ಆಗಷ್ಟೇ ತಲೆಗೆ ನೀರು ಹಾಕಿಕೊಂಡು ಕೆಳಗಿನ ಬಾಲ್ಕನಿಯಲ್ಲಿ ಕೂದಲು ಒಣಗಿಸುತ್ತಿದ್ದರು. ಅವರು ಮೇಲೆ ಬಂದು ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಷ್ಟು ಹೊತ್ತೂ ಮ್ಯಾನೇಜರ್ ಅವರ ಮುಖವನ್ನೇ ನೋಡುತ್ತ ಕೂತಿತ್ತು, ದೂರು ಕೇಳಿಸಿಕೊಂಡು ಅಭ್ಯಾಸ ಇದ್ದವರ ಹಾಗೆ.

ಗುರುವಾರ ಅತ್ತೆ ನನ್ನ ಕಡೆ ನೋಡಿದಳು. ಬಾಯಿಬಿಟ್ಟು ಕೇಳಲಿಲ್ಲ, ಸುಮ್ಮನೆ ನೋಡಿದಳು ಅಷ್ಟೆ. ನಾನು ಚಂಗನೆ ಎದ್ದು, "ನನ್ನ ರೂಮಿನ ಸುದ್ದಿಗೆ ಬರಬೇಡಿ, ಈಗಲೇ ಹೇಳಿದೀನಿ" ಅಂದೆ. ಆ ದಿನ ಅಂಗಡಿಯಲ್ಲಿ ಒಬ್ಬ ತಾತನಿಗೆ ಹತ್ತಿರ ನೋಡುವ ಕನ್ನಡಕದ ಬದಲು ದೂರ ನೋಡುವುದನ್ನು ಕೊಟ್ಟು ಕಳಿಸಿದೆ. ಮನಸ್ಸು ಸರಿ ಇರಲಿಲ್ಲ.

ಶುಕ್ರವಾರ ಅತ್ತೆ ತನ್ನ ವಿದ್ಯೆ ಹೊರತೆಗೆದಳು. ಅಡುಗೆಮನೆ ಪಕ್ಕದ ಓಣಿಯಲ್ಲಿ, ಅಕ್ಕಿ ಡ್ರಮ್ಮಿನ ಆಚೆ ಟ್ರೇ ಇಟ್ಟು, ಹಗಲು ಹನ್ನೊಂದು ಗಂಟೆಗೆ ಮನೆಯ ಕಿಟಕಿಗಳಿಗೆಲ್ಲ ಪರದೆ ಎಳೆದಳು. ಕೈಯಲ್ಲಿ ಟಾರ್ಚು.

"ಸೀಟು ತೋರಿಸೋದಕ್ಕೂ ಒಂದು ರೀತಿ ಇದೆ ಕಣೇ" ಅಂದಳು ನನಗೆ. "ಮುಖಕ್ಕೆ ಬೆಳಕು ಬಿಡಬಾರ್ದು, ಕಾಲಿಗೆ ಬಿಡ್ಬೇಕು. ಕೈ ಹಿಡಿದು ಎಳೀಬಾರ್ದು. ಎರಡು ಹೆಜ್ಜೆ ಮುಂದೆ ನಡೀಬೇಕು, ಹಿಂದಕ್ಕೆ ತಿರುಗಿ ನೋಡಬಾರ್ದು. ತಾನೇ ಬಂದು ಕೂತೆ ಅಂತ ಅವ್ರಿಗೆ ಅನ್ನಿಸ್ಬೇಕು. ಯಾರನ್ನೂ ನಿಲ್ಲಿಸಿ ಅವಮಾನ ಮಾಡಿದವಳಲ್ಲ ನಾನು."

ಅವಳು ನಡೆದಳು. ಬೆಳಕಿನ ಬಿಲ್ಲೆ ನೆಲದ ಮೇಲೆ ಮೆಲ್ಲಗೆ ಸರಿಯಿತು. ಹಿಂದೆಯೇ ಮ್ಯಾನೇಜರ್, ಬಾಲ ನೆಟ್ಟಗೆ ಮಾಡಿಕೊಂಡು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಬೆಳಕು ಟ್ರೇಯಲ್ಲಿ ಹೋಗಿ ನಿಂತಿತು. ಬೆಕ್ಕೂ ಟ್ರೇಯಲ್ಲಿ ಹೋಗಿ ನಿಂತಿತು. ಅತ್ತೆ ಟಾರ್ಚ್ ಆರಿಸಿದಳು. ಮರುಕ್ಷಣ ಬೆಕ್ಕು ಟಾರ್ಚಿನ ಮೇಲೆ ಹಾರಿ, ಅಕ್ಕಿ ಡ್ರಮ್ಮಿನ ಮುಚ್ಚಳ ಕೆಡವಿ, ಮರಳೆಲ್ಲ ಅಕ್ಕಿಗೆ! ಅಮ್ಮ ಆಸ್ಪತ್ರೆಯಿಂದ ಬಂದು ಡ್ರಮ್ಮಿನೊಳಗೆ ಬಗ್ಗಿ ನೋಡಿ ಒಂದೇ ಮಾತು ಅಂದಳು: "ಇನ್ನು ಎರಡು ದಿನ."

ಅತ್ತೆ ಆ ಸಂಜೆ ತನ್ನ ಸೂಟ್‌ಕೇಸ್ ತೆಗೆದು ಬಟ್ಟೆಗಳನ್ನೆಲ್ಲ ಮತ್ತೆ ಮಡಿಸಿ ಇಟ್ಟಳು. ಏನತ್ತೆ ಮಾಡ್ತಿದೀಯ ಎಂದರೆ, "ಏನಿಲ್ಲ, ಸುಮ್ನೆ ಜೋಡಿಸ್ತಿದೀನಿ" ಅಂದಳು. ಓಡಿಹೋಗಿ ಅಪ್ಪನನ್ನು ಹಿಡಿದುಕೊಂಡೆ. "ಅಪ್ಪಾ, ನೀನೇ ಏನಾದ್ರೂ ಮಾಡು. ಅತ್ತೆ ನಿಜವಾಗ್ಲೂ ಹೊರಟುಬಿಡ್ತಾಳೆ."

ಅಪ್ಪ ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವವನು. ಇಪ್ಪತ್ತು ಚಿಲ್ಲರೆ ವರ್ಷ ಊರವರ ಮನೆ, ಸೈಟು, ಬಾವಿ, ಗೋಡೆ ಎಲ್ಲವನ್ನೂ ಕಾಗದಕ್ಕಿಳಿಸಿದವನು. ಅಕ್ಕ ಅಂದರೆ ಪ್ರಾಣ. ಅವನ ಓದಿಗೆ ಆಧಾರ ಅವಳ ಥಿಯೇಟರ್ ಸಂಬಳವೇ ಎಂದು ಎಲ್ಲರೆದುರಿಗೆ ಹೇಳಿಕೊಂಡು ತಿರುಗುತ್ತಾನೆ. "ನೀವೆಲ್ಲ ಕಣ್ಣಳತೇಲಿ ಹುಡುಕ್ತಿದೀರಾ, ಅದಕ್ಕೇ ಸಿಗ್ತಿಲ್ಲ" ಅಂದ. ಶನಿವಾರ ಬೆಳಗ್ಗೆ ಟೇಪು ಹಿಡಿದುಕೊಂಡು ಮನೆ ತುಂಬಾ ಓಡಾಡಿದ. ನನ್ನ ಮಂಚದಡಿ ತೆವಳಿ ಅಳೆದ. ಟೇಪಿನ ಇನ್ನೊಂದು ತುದಿ ಹಿಡಿದುಕೊಂಡು ಅತ್ತೆಯೇ ಅವನ ಹಿಂದೆ ಸುತ್ತಿದಳು. ಮಧ್ಯಾಹ್ನ ಊಟದ ಹೊತ್ತಿಗೆ ಮೇಜಿನ ಮೇಲೆ ನಮ್ಮ ಮನೆಯ ನಕ್ಷೆ ಹಾಸಿತ್ತು. ಏನು ಅಚ್ಚುಕಟ್ಟು ಅಂತೀರಿ! ಕಿಟಕಿ, ಬಾಗಿಲು ತೆರೆಯುವ ದಿಕ್ಕು, ಬೀರು, ಒಲೆ, ಎಲ್ಲ ಗೆರೆ ಕೊರೆದ ಹಾಗೆ.

"ಕುರ್ಚಿಗಳೆಲ್ಲಿ?" ಅಮ್ಮ ಕೇಳಿದಳು.

"ಎತ್ತಿಡೋ ಅಂಥಾ ಸಾಮಾನು ನಕ್ಷೇಲಿ ತೋರಿಸಲ್ಲ ಕಣೇ. ಕದಲದೇ ಇರೋದು ಮಾತ್ರ. ಅದು ನಮ್ಮ ಕಚೇರಿ ಕ್ರಮ." ಅಪ್ಪ ಕೆಂಪು ಪೆನ್ಸಿಲ್ ತೆಗೆದುಕೊಂಡ. ಅಡುಗೆಮನೆಯಿಂದ ಹನ್ನೆರಡು ಅಡಿಯೊಳಗಿನ ಜಾಗವನ್ನೆಲ್ಲ ಹೊಡೆದು ಹಾಕಿದ. ಓಡಾಡುವ ದಾರಿ ಹೊಡೆದ. ಬಾಗಿಲು ತಗಲುವ ಜಾಗ, ಗಾಳಿ ಬೆಳಕಿಲ್ಲದ ಜಾಗ, ಹೊರಗಿಂದ ಬಂದವರ ಕಣ್ಣಿಗೆ ಬೀಳುವ ಜಾಗ, ಒಂದೊಂದಾಗಿ ಹೋದವು. ನಾವು ಬಾಯಿ ಕಳೆದುಕೊಂಡು ನೋಡುತ್ತಿದ್ದೆವು. ಅತ್ತೆ ಎಲ್ಲರಿಗಿಂತ ಮುಂದೆ ಬಗ್ಗಿದ್ದಳು, ಮ್ಯಾನೇಜರನ್ನು ಎದೆಗವಚಿಕೊಂಡು. ಕೊನೆಗೆ ನಕ್ಷೆಯಲ್ಲಿ ಒಂದೇ ಒಂದು ಬಿಳಿ ಚೌಕ ಉಳಿಯಿತು. ಅಪ್ಪ ಅದರ ಸುತ್ತ ಕೆಂಪಗೆ ಸೊನ್ನೆ ಸುತ್ತಿ ಪೆನ್ಸಿಲ್ ಕೆಳಗಿಟ್ಟ.

"ಸಿಕ್ತು! ಹಾಲಿನ ಮೂಲೆ, ಬೀರುವಿನ ಹಿಂದೆ. ಆರಡಿ ಉದ್ದ, ಮೂರಡಿ ಅಗಲ. ಪಕ್ಕದಲ್ಲೇ ಕಿಟಕಿ. ಯಾರ ಕಣ್ಣಿಗೂ ಕಾಣಲ್ಲ, ಯಾರ ಕಾಲಿಗೂ ಸಿಗಲ್ಲ. ಇಷ್ಟು ಒಳ್ಳೇ ಜಾಗ ಇಷ್ಟು ವರ್ಷದಿಂದ ದಂಡಕ್ಕೆ ಬಿದ್ದಿದೆ, ಒಬ್ಬರಿಗೂ ಹೊಳೆದಿಲ್ಲ ನೋಡಿ!"

ಅಮ್ಮ, "ಹೌದಲ್ರೀ!" ಅಂದಳು. ನಾನಂತೂ ಚಪ್ಪಾಳೆ ತಟ್ಟಿಬಿಟ್ಟೆ. ಅತ್ತೆ ಹೋಗುವುದು ತಪ್ಪಿತು ಎಂಬ ಖುಷಿಗೆ ನನ್ನ ತಲೆ ಓಡಲೇ ಇಲ್ಲ.

ಅತ್ತೆ ಆ ಕೆಂಪು ಸೊನ್ನೆಯ ಮೇಲೆ ಬೆರಳಿಟ್ಟಳು. ಬೀರು, ಕಿಟಕಿ, ಗೋಡೆ, ಒಂದೊಂದಾಗಿ ಗುರುತು ಹಿಡಿದಳು. ಆಮೇಲೆ ನಗತೊಡಗಿದಳು. ನಕ್ಕಳು ಅಂದರೆ ಕೆಮ್ಮು ಬರುವ ತನಕ ನಕ್ಕಳು. ಮ್ಯಾನೇಜರ್ ಗಾಬರಿಯಾಗಿ ಅವಳ ಕೈಯಿಂದ ಜಿಗಿದು ಹೋಯಿತು.

"ಲೋ, ಒಂದೇ ಸೀಟಿಗೆ ಎರಡು ಟಿಕೆಟ್ ಹರಿದಿದೀಯಲ್ಲೋ!"

"ಅಂದ್ರೆ?" ಅಪ್ಪನಿಗೆ ಅರ್ಥವಾಗಲಿಲ್ಲ.

"ಅಲ್ಲಿ ನಾನು ಮಲಗ್ತೀನಿ ಕಣೋ."

ಅಪ್ಪ ನಕ್ಷೆ ನೋಡಿದ, ಬೀರು ನೋಡಿದ, ಅಕ್ಕನ ಮುಖ ನೋಡಿದ. "ಅಲ್ಲಾ... ಅಕ್ಕಾ... ಅದು ಮಡಚೋ ಮಂಚ. ಎತ್ತಿಡೋ ಅಂಥಾದ್ದು. ನಕ್ಷೇಲಿ ಅದನ್ನ..." ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

ಅತ್ತೆ ಅವನ ಬೆನ್ನು ತಟ್ಟಿದಳು. ಅದಕ್ಕಿಂತ ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಅಯ್ಯ, ತಪ್ಪೇನಿದೆ ಬಿಡೋ. ನಿನ್ನ ಲೆಕ್ಕ ಸರಿಯಾಗೇ ಇದೆ. ಒಳ್ಳೇ ಜಾಗ ಅದು, ನಾನು ಗ್ಯಾರಂಟಿ ಕೊಡ್ತೀನಿ, ಆರು ವರ್ಷ ಮಲಗಿದ್ದೀನಲ್ಲ. ಮ್ಯಾನೇಜರಿಗೆ ಕೊಟ್ಬಿಡಿ. ನಂದೇನು, ಎಲ್ಲಾದ್ರೂ ಹೊಂದಿಸ್ಕೋತೀನಿ. ಬೆಕ್ಕು ಉಳೀತಲ್ಲ, ಸಾಕು."

ನನಗೆ ನಾಚಿಕೆಯಾಯಿತು. ಒಂದು ವಾರ ನಾವು ನಾಲ್ಕು ಜನ ಸೇರಿ ಬೆಕ್ಕಿಗೆ ಗಾಳಿ ಬೇಕು, ಬೆಳಕು ಬೇಕು, ಮರೆ ಬೇಕು, ಜನ ಓಡಾಡಬಾರದು ಎಂದು ತಲೆ ಕೆಡಿಸಿಕೊಂಡಿದ್ದೆವು. ಆ ನಾಲ್ವರಲ್ಲಿ ಒಬ್ಬಳಿಗೆ ಇವು ಬೇಕೇ ಎಂದು ನಾವು ಯಾವತ್ತೂ ಕೇಳಿರಲಿಲ್ಲ. "ಅತ್ತೆ, ನನ್ನ ರೂಮಿಗೆ ಬಾ" ಅಂದೆ. "ಬೇಡ ಕಣೇ, ನಿನ್ನ ನಿದ್ದೆ ಹಾಳಾಗುತ್ತೆ" ಅಂದಳು. ಅದನ್ನೂ ನಗುತ್ತಲೇ ಅಂದಳು.

ಮೊದಲು ಎದ್ದವಳು ಅಮ್ಮ. ಊಟದ ಮಾತೇ ಬಿಟ್ಟು, ಸೀರೆ ಸೊಂಟಕ್ಕೆ ಸಿಕ್ಕಿಸಿ, ಸಾಮಾನಿನ ಕೋಣೆಯ ಬಾಗಿಲನ್ನು ಭುಜಕೊಟ್ಟು ತಳ್ಳಿದಳು. "ರೀ, ಅಳೋದು ಆಮೇಲೆ ಅಳಿ. ಈ ಕೂಲರ್ ಒಂದು ಕಡೆ ಹಿಡೀರಿ."

ಮತ್ತೆ ನಡೆದದ್ದು ಯುದ್ಧ. ಕೆಟ್ಟ ಕೂಲರ್, ಪೆಡಲ್ ಇಲ್ಲದ ವ್ಯಾಯಾಮದ ಸೈಕಲ್, ನನ್ನ ಪರೀಕ್ಷೆಯ ಗೈಡುಗಳು, ಯಾವ ಪಾತ್ರೆಗೂ ಹೊಂದದ ಹನ್ನೊಂದು ಮುಚ್ಚಳಗಳು. ಅಪ್ಪ ತನ್ನ ಹಳೇ ನಕ್ಷೆಗಳ ಸುರುಳಿಗಳನ್ನು ಒಂದೂ ಬಿಚ್ಚಿ ನೋಡದೆ ರದ್ದಿಯವನಿಗೆ ಕೊಟ್ಟ. ಆ ಸುರುಳಿಗಳಿಗೆ ನಾವು ಕೈ ತಗಲಿಸಿದರೆ ಮನೆ ಎಗರಿಹೋಗುವಂತೆ ಕೂಗಾಡುತ್ತಿದ್ದವನು ಅವನೇ. ಅಮ್ಮ ನೆಲವನ್ನು ಮೂರು ಸಲ ತೊಳೆಸಿದಳು. ಅತ್ತೆ ಅಡ್ಡಡ್ಡ ಬಂದು, "ಇದೆಲ್ಲಾ ಯಾಕ್ರೋ, ಸುಮ್ನಿರ್ರೋ" ಅನ್ನುತ್ತಲೇ ಇದ್ದಳು. ನಾಲ್ಕು ವರ್ಷದ ನೋಡೋಣ ಎರಡೂವರೆ ಗಂಟೆಯಲ್ಲಿ ಮುಗಿಯಿತು. ಒಳಗೆ ಒಂದು ಪುಟ್ಟ ಕಿಟಕಿಯೂ ಇತ್ತು, ಸೈಕಲ್ಲಿನ ಹಿಂದೆ.

ಟ್ರೇ ಬೀರುವಿನ ಹಿಂದೆ ಹೋಯಿತು. ಮ್ಯಾನೇಜರ್ ಬಂದು ಮೂಸಿತು, ಕೆದರಿತು, ಕೆಲಸ ಮುಗಿಸಿ ಮುಚ್ಚಿ, ನಮ್ಮ ಕಡೆ ತಿರುಗಿಯೂ ನೋಡದೆ ಹೊರಟಿತು. ಅಮ್ಮ ಅಲ್ಲೇ ನಿಂತು ಮೂರು ಸಲ ಗಾಳಿ ಎಳೆದುಕೊಂಡು, "ಪರವಾಗಿಲ್ಲ" ಅಂದಳು. ಇಷ್ಟು ಸುಲಭವಾಗಿ ಅವಳು ಏನನ್ನೂ ಪಾಸು ಮಾಡಿದವಳಲ್ಲ.

ಸಂಜೆ ಐದು ಗಂಟೆಗೆ ಅತ್ತೆ ಹೊಸ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾವು ಮೂವರೂ ಹಾಲಿನಲ್ಲಿ ಕೂತೆವು. ಎರಡು ನಿಮಿಷಕ್ಕೆ ಬಾಗಿಲು ತೆರೆಯಿತು.

"ಏನು ಬೇಕಿತ್ತು ಅತ್ತೆ?" ನಾನು ಎದ್ದೆ.

"ಏನೂ ಬೇಡ ಕಣೇ. ಚಿಲಕ ಬೀಳುತ್ತಾ ಅಂತ ನೋಡ್ದೆ." ಮತ್ತೆ ಹಾಕಿಕೊಂಡಳು. ಒಳಗಿಂದ ಚಿಲಕ ಹಾಕುವ ಸದ್ದು, ತೆಗೆಯುವ ಸದ್ದು, ಮತ್ತೆ ಹಾಕುವ ಸದ್ದು. ಆಮೇಲೆ ಏನೂ ಕೇಳಿಸಲಿಲ್ಲ.

ಅರ್ಧ ಗಂಟೆಯಾಯಿತು. ಅಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಾಫಿ ಲೋಟ ಹಿಡಿದುಕೊಂಡು ಹೋಗಿ, ತನ್ನದೇ ಮನೆಯ ಆ ಬಾಗಿಲ ಮುಂದೆ ಒಂದು ಗಳಿಗೆ ನಿಂತು, ಮೆಲ್ಲಗೆ ಎರಡು ಸಲ ತಟ್ಟಿದ.

"ಅಕ್ಕಾ, ಒಳಗೆ ಬರ್ಲಾ?"

ಒಳಗಿಂದ ಅತ್ತೆಯ ದನಿ ಕೇಳಿತು, ಸ್ವಲ್ಪ ಸಂಕೋಚ, ಸ್ವಲ್ಪ ಜಂಬ.

"ಈಗ ಬೇಡ ಕಣೋ. ಆಮೇಲೆ ಬಾ."

ಅಪ್ಪ ಲೋಟ ಹಿಡಿದುಕೊಂಡೇ ವಾಪಸ್ ಬಂದು ನಮ್ಮ ಪಕ್ಕ ಕೂತ. ಕಾಫಿ ಆರುತ್ತಿತ್ತು, ನಾವು ಕಾದೆವು.